ಹೊರಡುವ ಮೊದಲೇ ತಲುಪುವ ಊರು

ಮಾರ್ಚ್ 3, ಸೋಮವಾರ

ನನ್ನ ರಕ್ತದೊತ್ತಡ ನೋಡಿದ ಡಾಕ್ಟರಮ್ಮ, "ಸಿಟ್ಟು ಬಂದಾಗ ಯಾರ ಮೇಲೂ ಹಾರಾಡ್ಬೇಡಿ, ಒಂದು ಪುಸ್ತಕದಲ್ಲಿ ಬರೆದಿಟ್ಬಿಡಿ" ಎಂದಿದ್ದಾರೆ. ಹಾರಾಡಲು ಮನೆಯಲ್ಲಿ ಯಾರಿದ್ದಾರೆ? ಹೆಂಡತಿ ಹಿಲ್ಕಾ ನಾರ್ವೆ ದೇಶದ ಸ್ಟೂರ್‌ನೆಸ್ ಎಂಬ ಮೀನಿನೂರಿನಲ್ಲಿ ವೃದ್ಧಾಶ್ರಮದ ದಾದಿ. "ಒಂದೇ ಒಂದು ಚಳಿಗಾಲ" ಎಂದು ಹೇಳಿ ಹೋದವಳು. ಈಗ ಎರಡನೆಯ ಚಳಿಗಾಲವೂ ಕರಗುತ್ತಿದೆ. ಅಲ್ಲಿ ಸಂಬಳ ಹೆಚ್ಚು, ಗಾಳಿ ಹೆಚ್ಚು, ಒಣಮೀನಿನ ವಾಸನೆ ಎಲ್ಲಕ್ಕಿಂತ ಹೆಚ್ಚು. ನಾನು ಇಲ್ಲಿ ಫಿನ್‌ಲ್ಯಾಂಡಿನ ಕುಕ್ಕೋಲಂಪಿಯಲ್ಲಿ ಪುರಸಭೆಯ ಪ್ರಚಾರ ಗುಮಾಸ್ತ. ಪ್ರಚಾರ ಮಾಡುವಂಥದ್ದು ಈ ಊರಿನಲ್ಲಿ ಏನೂ ಇಲ್ಲವಾದ್ದರಿಂದ ಕೆಲಸ ಮುಗಿಯುವುದೇ ಇಲ್ಲ.

ಇಂದು ಅಧ್ಯಕ್ಷೆ ರಿಟ್ವಾ ಎಲ್ಲರನ್ನೂ ಕರೆದು ಘೋಷಿಸಿದರು. ಏಪ್ರಿಲ್ 30ರಿಂದ ಪ್ರತಿ ಬುಧವಾರ ನಮ್ಮ ವಿಮಾನ ನಿಲ್ದಾಣದಿಂದ ನೇರ ವಿಮಾನ. ಎಲ್ಲಿಗೆ? ಸ್ಟೂರ್‌ನೆಸ್‌ಗೆ. ಜಗತ್ತಿನಲ್ಲಿ ಇಷ್ಟೊಂದು ಊರುಗಳಿದ್ದವು.

"ತೌನೋ, ಎರಡೂ ಊರು ಎಷ್ಟು ಹತ್ರ ಅಂತ ಜನಕ್ಕೆ ಮನವರಿಕೆ ಮಾಡೋ ಜವಾಬ್ದಾರಿ ನಿಮ್ದು" ಎಂದರು.

ಸಿಟ್ಟು ಬಂತು. ಬರೆದಿಟ್ಟಿದ್ದೇನೆ.

ಮಾರ್ಚ್ 9, ಭಾನುವಾರ

ಹಿಲ್ಕಾಳ ಫೋನ್. ಆಶ್ರಮದವರು ಕೆಲಸ ಕಾಯಂ ಮಾಡುತ್ತೇವೆ ಎಂದಿದ್ದಾರಂತೆ. ಏಪ್ರಿಲ್ ಮುಗಿಯುವುದರೊಳಗೆ ಹೂಂ ಅಥವಾ ಉಹುಂ ಹೇಳಬೇಕಂತೆ.

"ಉಹುಂ ಅನ್ನು" ಎಂದೆ.

"ಒಂದ್ಸಲ ಬಂದು ನೋಡು. ಆಮೇಲೆ ಇಬ್ರೂ ಸೇರಿ ಹೇಳೋಣ."

"ಒಂಬತ್ತು ಗಂಟೆ ಬಸ್ಸು! ಅಷ್ಟು ದೂರ ಯಾರು ಬರ್ತಾರೆ?"

"ನಾನು ಬಂದಿದ್ನಲ್ಲ ಮಾರಾಯ, ಮೊದಲನೇ ಕ್ರಿಸ್‌ಮಸ್‌ಗೆ."

"ನೀನು ಹೋದೋಳು. ಹೋದೋರು ಬರ್ಬೇಕು. ಇದ್ದೋರು ಯಾಕೆ ಹೋಗ್ಬೇಕು?"

ಅವಳು ನಕ್ಕಳು. ಸರಿಯಾದ ಉತ್ತರವಿದ್ದಿದ್ದರೆ ನಗುತ್ತಿರಲಿಲ್ಲ. ಮಾತು ಬದಲಿಸಿ, ಹೊಸ ವಿಮಾನ ಬಂದರೆ ಸುಲಭ, ನಿಲ್ದಾಣದಿಂದ ಊರಿಗೆ "ಬರೀ ಎರಡು ಮಿಲ್" ಎಂದಳು.

ಮಿಲ್! ಹತ್ತು ಕಿಲೋಮೀಟರು ಸೇರಿದರೆ ನಾರ್ವೆಯವರಿಗೆ ಒಂದು ಮಿಲ್. ಎರಡು ಎನ್ನುವ ಬದಲು ಇಪ್ಪತ್ತು ಎಂದರೆ ಅವರ ಗಂಟೇನು ಹೋಗುತ್ತದೋ. ನನ್ನ ಹೆಂಡತಿ ಹುಟ್ಟಿದಾಗಿನಿಂದ ಕಿಲೋಮೀಟರಿನಲ್ಲಿ ಬದುಕಿದವಳು. ಆ ಪದ ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ, ನನಗೆ ಆಮೇಲೆ ಊಟ ಸೇರಲಿಲ್ಲ.

ಮಾರ್ಚ್ 12, ಬುಧವಾರ

ದೂರ ನಿರ್ಧರಿಸುವ ಸಭೆ. ದೂರವನ್ನು ಅಳೆಯುತ್ತಾರೆ ಎಂದು ನಾನು ಶಾಲೆಯಲ್ಲಿ ಕಲಿತಿದ್ದೆ. ಪುರಸಭೆಯಲ್ಲಿ ಅದನ್ನು ಮತಕ್ಕೆ ಹಾಕುತ್ತಾರೆ.

ರಸ್ತೆಯಲ್ಲಿ 540 ಕಿಲೋಮೀಟರು. ಆಕಾಶದಲ್ಲಿ 290. ರಾಜಧಾನಿಯಿಂದ ಕರೆಸಿದ ಪ್ರಚಾರ ತಜ್ಞ ಸಾಮುಲಿ ಎರಡನ್ನೂ ಒಪ್ಪಲಿಲ್ಲ. ಈತ ಇಂಗ್ಲಿಷಿನಲ್ಲಿ ಯೋಚಿಸಿ ಫಿನ್ನಿಷ್‌ನಲ್ಲಿ ನಿಟ್ಟುಸಿರು ಬಿಡುವ ಪ್ರಾಣಿ. "ಮೂರಂಕಿ ಇದ್ರೆ ಜನ ಹೆದರ್ತಾರೆ ತೌನೋ ಅವ್ರೇ. ನಮ್ಮೂರಿನ ಸೊಗಡಿರೋ ಅಳತೆ ಇಲ್ವಾ?"

ಇದೆಯಲ್ಲ. ಹಿಮಸಾರಂಗ ನಡೆಯುತ್ತಾ ಉಚ್ಚೆ ಹೊಯ್ಯಲಾರದು, ನಿಲ್ಲಲೇಬೇಕು. ಒಮ್ಮೆ ನಿಂತಲ್ಲಿಂದ ಮತ್ತೊಮ್ಮೆ ನಿಲ್ಲುವವರೆಗಿನ ದಾರಿಗೆ ನಮ್ಮ ಹಿರಿಯರು ಒಂದು ಹೆಸರನ್ನೇ ಇಟ್ಟಿದ್ದರು. ಏಳೂವರೆ ಕಿಲೋಮೀಟರು ಎನ್ನಬಹುದು. ಆ ಲೆಕ್ಕದಲ್ಲಿ ಸ್ಟೂರ್‌ನೆಸ್ ಮೂವತ್ತೊಂಬತ್ತು ಉಚ್ಚೆಯ ದೂರ. ಸಾಮುಲಿ ಕಣ್ಣರಳಿಸಿ ಬರೆದುಕೊಂಡ. ವಿಮಾನದಲ್ಲಿ ಶೌಚಾಲಯವಿದೆಯೋ ಇಲ್ಲವೋ ಎಂದು ಒಬ್ಬ ಸದಸ್ಯರು ಕೇಳಿದ್ದರಿಂದ ಆ ಪ್ರಸ್ತಾವ ಬಿದ್ದುಹೋಯಿತು. (ಇಲ್ಲವಂತೆ.)

ಕೊನೆಗೆ ಸ್ಟೂರ್‌ನೆಸ್ ಪುರಸಭೆಯ ಓಡ್‌ವಾರ್ ಎಂಬಾತ ಕಳಿಸಿದ ಮಾಹಿತಿ ಓದಿದರು. "ವಿಮಾನದ ದೂರ 29 ಮಿಲ್. ನಿಲ್ದಾಣದಿಂದ ಊರಿಗೆ 2 ಮಿಲ್."

"ಇಪ್ಪತ್ತೊಂಬತ್ತು!" ರಿಟ್ವಾ ಮೇಜು ತಟ್ಟಿದರು. "ಇದು ನೋಡಿ ಹತ್ರ ಅಂದ್ರೆ!"

ಸರ್ವಾನುಮತದಿಂದ ಸ್ಟೂರ್‌ನೆಸ್ ಹತ್ತಿರ ಬಂತು.

ಮಾರ್ಚ್ 14, ಶುಕ್ರವಾರ

ಇಂದು ಸಮಯದ ಸಭೆ. ಹಾರಾಟ ಐವತ್ತೈದು ನಿಮಿಷ. ನಾರ್ವೆಯ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಹಾಗಾಗಿ ಇಲ್ಲಿ ಮಧ್ಯಾಹ್ನ ಒಂದಕ್ಕೆ ಹೊರಟರೆ ಅಲ್ಲಿ ಇಳಿಯುವುದು ಹನ್ನೆರಡು ಐವತ್ತೈದಕ್ಕೆ. ನಾನು ಇದನ್ನು ತಮಾಷೆಗೆ ಹೇಳಿದೆ. ಪುರಸಭೆಯಲ್ಲಿ ತಮಾಷೆ ಮಾಡಬಾರದು, ಠರಾವು ಆಗಿಬಿಡುತ್ತದೆ.

ಘೋಷವಾಕ್ಯ: "ಹೊರಡುವ ಮೊದಲೇ ತಲುಪಿ!"

ನನ್ನ ಮಾತಿಗೆ ಹದಿನೇಳು ವರ್ಷಗಳಲ್ಲಿ ಮೊದಲ ಸಲ ಚಪ್ಪಾಳೆ ಬಿತ್ತು. ಮನೆಗೆ ಬಂದು ಯಾರಿಗಾದರೂ ಹೇಳೋಣವೆಂದರೆ ಫ್ರಿಜ್ ಒಂದೇ ಗುರ್ ಎನ್ನುತ್ತಿತ್ತು.

ಮಾರ್ಚ್ 20, ಗುರುವಾರ

ಓಡ್‌ವಾರ್‌ನ ಉತ್ತರ ಬಂದಿದೆ. ಮೀನಿನಂಥ ತಣ್ಣನೆಯ ಮನುಷ್ಯ. "ನಿಮ್ಮ ಘೋಷವಾಕ್ಯ ನೋಡಿದೆವು. ಆದರೆ ಮರಳುವಾಗ ಇಲ್ಲಿ ಎರಡಕ್ಕೆ ಹೊರಟರೆ ಅಲ್ಲಿ ಹೆಚ್ಚುಕಡಿಮೆ ನಾಲ್ಕು. ನಿಮ್ಮ ಲೆಕ್ಕದಂತೆ ನಮ್ಮೂರಿಗೆ ಬರಲು ಸಮಯವೇ ಬೇಡ, ನಿಮ್ಮೂರಿಗೆ ಹೋಗಲು ಎರಡು ಗಂಟೆ ಬೇಕು. ಹೀಗಾದರೆ ಬಂದವರು ವಾಪಸ್ ಏಕೆ ಹೋಗುತ್ತಾರೆ?"

ರಿಟ್ವಾ ಕೆಂಡವಾದರು. "ಹೊಟ್ಟೆಕಿಚ್ಚು ಇವ್ರಿಗೆ! ತಕ್ಕ ಉತ್ತರ ಬರೀರಿ ತೌನೋ." ಬರೆದೆ. "ನಮ್ಮೂರು ಬಿಟ್ಟು ಯಾರೂ ಅಲ್ಲಿ ಉಳಿಯುವುದಿಲ್ಲ" ಎಂಬ ವಾಕ್ಯ ಬಂದಾಗ ಕೈ ತಡೆಯಿತು. ಅದೊಂದನ್ನು ಬಿಟ್ಟು ಉಳಿದದ್ದನ್ನು ಕಳಿಸಿದೆ.

ಮಾರ್ಚ್ 23, ಭಾನುವಾರ

ಅಡುಗೆಮನೆಗೆ ಎರಡನೆಯ ಗಡಿಯಾರ ತಂದು ನಾರ್ವೆಯ ಸಮಯಕ್ಕೆ ಇಟ್ಟಿದ್ದೇನೆ. ಕಚೇರಿಯ ಕೆಲಸಕ್ಕೆ ಬೇಕು, ಅಷ್ಟೇ.

ಇಲ್ಲಿ ಬೆಳಿಗ್ಗೆ ಏಳಾದರೆ ಅಲ್ಲಿ ಆರು. ಹಿಲ್ಕಾ ಏಳುವುದು ಆರೂಕಾಲಿಗೆ. ಎದ್ದ ಕೂಡಲೇ ಕಾಫಿ ಕುಡಿಯದಿದ್ದರೆ ಅವಳಿಗೆ ತಲೆನೋವು. ನಾರ್ವೆಯವರ ಕಾಫಿ ಕಪ್ಪಗೆ ಸುಟ್ಟದ್ದು, ಅವಳಿಗೆ ಒಗ್ಗುವುದಿಲ್ಲ. ಇದೆಲ್ಲ ಕಚೇರಿಯ ಕೆಲಸಕ್ಕೆ ಬೇಕಾದ ಮಾಹಿತಿಯಲ್ಲ, ಆದರೂ ಬಂತು, ಬರೆದೆ.

ಫೋನಿನಲ್ಲಿ ಮತ್ತೆ ಅದೇ. "ವಿಮಾನಕ್ಕೆ ಟಿಕೆಟ್ ತಗೊಂಡ್ಯಾ?"

"ಕೆಲಸ ಇದೆ."

"ಏನ್ ಕೆಲಸ?"

"ಸ್ಟೂರ್‌ನೆಸ್ ಹತ್ರ ಅಂತ ಬರೀಬೇಕು."

"ಊರಿಗೆ ಉಪಕಾರಿ ಕಣೋ ನೀನು" ಎಂದಳು. ಆ ಗಾದೆಯ ಉಳಿದರ್ಧ ನನಗೆ ಗೊತ್ತಿದೆ.

ಏಪ್ರಿಲ್ 2, ಬುಧವಾರ

ಕರಪತ್ರಗಳು ಅಚ್ಚಾಗಿ ಬಂದವು. ಸಾಮುಲಿ ಮೊದಲು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಫಿನ್ನಿಷ್‌ಗೆ ತಿರುಗಿಸಿದ್ದಾನೆ. ಓಡ್‌ವಾರ್‌ನ ಮಿಲ್ ಹೋಗುತ್ತಾ ಬರುತ್ತಾ ಮೈಲಿಯಾಗಿದೆ. ಇಪ್ಪತ್ತೊಂಬತ್ತು ಮೈಲಿ ಎಂದರೆ ಸುಮಾರು ನಲವತ್ತೇಳು ಕಿಲೋಮೀಟರು.

ಬೆಳಗಿನಿಂದ ಫೋನ್ ಬಿಡುವಿಲ್ಲ. ಇಷ್ಟು ಹತ್ತಿರಕ್ಕೆ ವಿಮಾನವೇಕೆ, ತೆರಿಗೆ ಹಣ ಹಾಳು ಎಂದು ಒಬ್ಬರು. ಹಿಮ ಗಟ್ಟಿಯಿರುವಾಗಲೇ ಸ್ಕೀ ಮೇಲೆ ಹೊರಟರೆ ಸಂಜೆಯೊಳಗೆ ಸಮುದ್ರ ಸಿಗುತ್ತದೆಯೇ ಎಂದು ಇನ್ನೊಬ್ಬರು. ಎಂಬತ್ತೊಂದು ವರ್ಷದ ಅಜ್ಜಿಯೊಬ್ಬಳು ಕಾಲಿನಿಂದ ಒದ್ದು ಓಡಿಸುವ ಜಾರುಗಾಡಿಯಲ್ಲಿ ಹೋಗಬಹುದೇ ಎಂದು ವಿಚಾರಿಸಿದಳು. ದಾರಿಯಲ್ಲಿ ದೇಶದ ಗಡಿ ಇದೆ, ಬೆಟ್ಟವಿದೆ ಎಂದೆ. "ಬೆಟ್ಟ ಇದ್ರೆ ಇಳಿಜಾರೂ ಇರುತ್ತಲ್ಲಪ್ಪ" ಎಂದಳು. ಆ ಅಜ್ಜಿಗಿರುವ ಉತ್ಸಾಹ ಈ ಊರಿನಲ್ಲಿ ಯಾವ ಗಂಡಸಿಗಿದೆ?

ರಿಟ್ವಾ ಕೂಗಾಡಿ, ತಕ್ಷಣ ತಿದ್ದಿ ಮರುಮುದ್ರಿಸಲು ಹೇಳಿದರು. 29 ಮೈಲಿಯನ್ನು ಹೊಡೆದು 290 ಕಿಲೋಮೀಟರು ಎಂದು ತಿದ್ದಿದೆ. ಕೆಳಗಿನ ಸಾಲು: "ನಿಲ್ದಾಣದಿಂದ ಸ್ಟೂರ್‌ನೆಸ್ ಊರಿಗೆ 2 ಮೈಲಿ." ಅದು ಹಿಲ್ಕಾಳ ಎರಡು ಮಿಲ್. ಮಿಲ್ ಎಂಬ ಆ ಪದವನ್ನು ನನ್ನ ಕೈಯಾರೆ ಬರೆಯಲಾರೆ. ಮೈಲಿಯೆಂದೇ ಇರಲಿ ಎಂದು ಮುಂದಕ್ಕೆ ತಳ್ಳಿದೆ.

ಏಪ್ರಿಲ್ 6, ಭಾನುವಾರ

ಹಿಲ್ಕಾ ಫೋನ್ ಎತ್ತಲಿಲ್ಲ.

ಏಪ್ರಿಲ್ 13, ಭಾನುವಾರ

ಎತ್ತಿದಳು. ಕಳೆದ ವಾರ ಹೆಚ್ಚುವರಿ ಪಾಳಿಯಿತ್ತಂತೆ. ಅಜ್ಜನೊಬ್ಬನಿಗೆ ತೊಂಬತ್ತು ತುಂಬಿ ಕೇಕ್ ಕತ್ತರಿಸಿದರಂತೆ, ಆತ ಇವಳನ್ನು ಕುಣಿಯಲು ಎಳೆದನಂತೆ. ನಗುನಗುತ್ತಾ ಹೇಳಿದಳು. ವಿಮಾನದ ಮಾತು ಎತ್ತಲೇ ಇಲ್ಲ. ಟಿಕೆಟ್ ಬಗ್ಗೆ ಕೇಳಿದರೆ ಏನು ಹೇಳಬೇಕೆಂದು ನಾನು ಎರಡು ದಿನದಿಂದ ಉತ್ತರ ತಯಾರು ಮಾಡಿಕೊಂಡಿದ್ದೆ. ಕೇಳಲೇ ಇಲ್ಲವಲ್ಲ! ಜನಕ್ಕೆ ಕರ್ತವ್ಯವೆಂಬುದೇ ಇಲ್ಲ.

ಏಪ್ರಿಲ್ 24, ಗುರುವಾರ

ಮೊದಲ ವಿಮಾನದ ಹತ್ತೊಂಬತ್ತು ಸೀಟುಗಳನ್ನೂ ಸದಸ್ಯರೇ ಹಂಚಿಕೊಂಡಿದ್ದಾರೆ. ಸಾರ್ವಜನಿಕರಿಗಾಗಿ ಬಿಟ್ಟ ವಿಮಾನದಲ್ಲಿ ಸಾರ್ವಜನಿಕರಿಗೆ ಜಾಗವಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ: ತುತ್ತೂರಿ ಊದುವವನನ್ನೂ ಕರೆದೊಯ್ಯುತ್ತಾರಂತೆ.

ರಿಟ್ವಾಗೆ ಹೊಸ ಹುರುಪು. "ನಿಲ್ದಾಣದಿಂದ ಊರಿಗೆ ಎರಡು ಮೈಲಿ ತಾನೇ? ಕಾರು ಯಾಕೆ? ಧ್ವಜ ಹಿಡ್ಕೊಂಡು ನಡ್ಕೊಂಡೇ ಹೋಗೋಣ. ಸ್ನೇಹದ ನಡಿಗೆ! ಓಡ್‌ವಾರ್‌ಗೆ ಹೇಳಿ, ಒಂದೂ ಮುಕ್ಕಾಲಿಗೆ ಚೌಕದಲ್ಲಿ ಮಕ್ಕಳನ್ನ ನಿಲ್ಲಿಸ್ಲಿ."

ಅದು ಮೈಲಿಯಲ್ಲ, ಮಿಲ್ ಎಂದು ಹೇಳೋಣ ಎಂದುಕೊಂಡು ಬಾಯಿ ತೆರೆದೆ. ಆದರೆ ನಾನು ಸಭೆಯಲ್ಲಿ ಬಾಯಿ ತೆರೆದರೆ ನಡಾವಳಿಯಲ್ಲಿ ಕೆಮ್ಮು ಎಂದು ಬರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು, ತಮಗೆ ಎತ್ತರವೆಂದರೆ ತಲೆಸುತ್ತು, ಬರಲಾರೆ ಎಂದರು. ಒಂದು ಸೀಟು ಖಾಲಿ.

"ತೌನೋ, ನೀವು ಬನ್ನಿ" ಎಂದರು ರಿಟ್ವಾ. "ಉಡುಗೊರೆ ಹೊರೋಕೆ ಒಬ್ರು ಬೇಕು."

ಉಡುಗೊರೆ ಎಂದರೆ ಸೌನಾದ, ಅಂದರೆ ನಮ್ಮ ಹಬೆಸ್ನಾನದ ಕೋಣೆಯ, ಮರದ ಬಕೆಟ್ಟು ಮತ್ತು ಸೌಟು. ಸರಕಾರಿ ಕೆಲಸ. ಇಲ್ಲವೆನ್ನಲಾಗುತ್ತದೆಯೇ?

ಕೆಮ್ಮಿದ ವಿಷಯ ಮರೆತೇ ಹೋಯಿತು.

ಏಪ್ರಿಲ್ 29, ಮಂಗಳವಾರ

ಸರಕಾರಿ ಪ್ರವಾಸಕ್ಕೆ ಸಿದ್ಧತೆ. ಬಕೆಟ್ಟು ಒಳಗೆ ಟೊಳ್ಳಾಗಿರುವುದರಿಂದ ಜಾಗ ವ್ಯರ್ಥವಾಗಬಾರದೆಂದು ಕೆಲವು ಸಾಮಾನು ತುಂಬಿದೆ: ರೈ ರೊಟ್ಟಿ ನಾಲ್ಕು, ನಮ್ಮೂರಿನ ಕಡಿಮೆ ಹುರಿದ ಕಾಫಿಪುಡಿ ಆರು ಪೊಟ್ಟಣ, ಹಿಲ್ಕಾಳ ಬೂದು ಉಣ್ಣೆ ಕಾಲುಚೀಲ, ಅವಳು ಬಿಟ್ಟುಹೋದ ಬಾಚಣಿಗೆ. ಕ್ಷೌರ ಮಾಡಿಸಿಕೊಂಡೆ, ಪುರಸಭೆಯ ಮರ್ಯಾದೆ ಪ್ರಶ್ನೆ. ಕ್ಷೌರಿಕ, "ಏನು, ಮದುವೆಯಾ?" ಎಂದ. ಇವನಿಗೇಕೆ ಬೇಕು?

ಹಿಲ್ಕಾಗೆ ಒಂದು ಸಂದೇಶ ಕಳಿಸಿದೆ: "ನಾಳೆ ಕಚೇರಿ ಕೆಲಸದ ನಿಮಿತ್ತ ಅಲ್ಲಿಗೆ ಬರುವವನಿದ್ದೇನೆ." ಉತ್ತರ: "ಸರಿ." ಎರಡೇ ಅಕ್ಷರ. ಇಪ್ಪತ್ತು ಸಲ ಓದಿದೆ, ಬೇರೇನೂ ಸಿಗಲಿಲ್ಲ.

ಏಪ್ರಿಲ್ 30, ಬುಧವಾರ, ಸ್ಟೂರ್‌ನೆಸ್

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಒಂದಕ್ಕೆ ಹೊರಟೆವು. ವಿಮಾನ ನಮ್ಮೂರ ಶಾಲಾ ವ್ಯಾನಿಗಿಂತ ಸ್ವಲ್ಪ ದೊಡ್ಡದು. ಬಕೆಟ್ಟು ತೊಡೆಯ ಮೇಲೆ. ಬೆಟ್ಟಗಳ ಮೇಲೆ ಕುಲುಕಾಟ ಶುರುವಾದಾಗ ಮೂವರು ಸದಸ್ಯರು ಆ ಬಕೆಟ್ಟಿನ ಕಡೆ ಆಸೆಯಿಂದ ನೋಡಿದರು. ನಾನು ಕೊಡಲಿಲ್ಲ. ಅದರಲ್ಲಿ ಹಿಲ್ಕಾಳ ಕಾಲುಚೀಲವಿತ್ತು.

ಇಳಿದಾಗ ಗೋಡೆಯ ಗಡಿಯಾರದಲ್ಲಿ ಹನ್ನೆರಡು ಐವತ್ತೈದು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಗೆ ಹಿಮವೂ ಅಲ್ಲದ ಮಳೆಯೂ ಅಲ್ಲದ ಏನೋ ಒಂದು ಅಡ್ಡಡ್ಡಲಾಗಿ ಬೀಳುತ್ತಿತ್ತು. ರಿಟ್ವಾ ಧ್ವಜ ಬಿಚ್ಚಿದರು, ತುತ್ತೂರಿಯವನು ಊದಿದ, ಮೆರವಣಿಗೆ ಹೊರಟಿತು.

ಕಂಬದ ಪಕ್ಕ ಕಾರಿಗೆ ಒರಗಿ ಹಿಲ್ಕಾ ನಿಂತಿದ್ದಳು. ಕೂದಲು ಮೋಟು ಮಾಡಿಸಿದ್ದಾಳೆ. ನನಗೆ ಹೇಳಿರಲಿಲ್ಲ.

"ತಡ ಆಯ್ತು" ಎಂದಳು.

"ತಡ ಎಲ್ಲಿ? ಹೊರಟಿದ್ದಕ್ಕಿಂತ ಐದು ನಿಮಿಷ ಮುಂಚೇನೇ ಬಂದಿದೀನಿ."

"ಒಂದೂವರೆ ವರ್ಷ ತಡ ಕಣೋ."

ಬಕೆಟ್ಟು ಮುಂದೆ ಚಾಚಿದೆ. ಅವಳು ಕಾಫಿಪುಡಿ ಎತ್ತಿ ಮೂಸಿದಳು.

"ಅವ್ರೆಲ್ಲ ಎಲ್ಲಿಗೆ ಹೊರಟ್ರು?"

"ಊರಿಗೆ. ಎರಡು ಮೈಲಿ."

"ಎರಡು ಮಿಲ್!" ಎಂದು ಕಿರುಚಿ ನನ್ನನ್ನು ಕಾರಿಗೆ ತಳ್ಳಿದಳು. ಮೆರವಣಿಗೆಯ ಪಕ್ಕಕ್ಕೆ ಹೋಗಿ ಗಾಜು ಇಳಿಸಿ, "ಅಮ್ಮಾ, ಇಪ್ಪತ್ತು ಕಿಲೋಮೀಟ್ರು ಇದೆ! ನಿಂತ್ಕೊಳಿ, ಗಾಡಿ ಕಳಿಸ್ತೀನಿ" ಎಂದಳು.

ರಿಟ್ವಾ ಕಿವಿಗೆ ಹಾಕಿಕೊಳ್ಳಲಿಲ್ಲ. "ತೌನೋ ಅವ್ರೇ, ನಿಮ್ಮ ಮನೆಯವರಿಗೆ ಹೇಳಿ. ಕರಪತ್ರದಲ್ಲಿ ಅಚ್ಚಾಗಿದೆ."

ಅಚ್ಚಾದದ್ದನ್ನು ಅಲ್ಲಗಳೆಯಲು ನಾನ್ಯಾರು? ತಪ್ಪು ಸಾಮುಲಿಯದು. ಆತ ರಾಜಧಾನಿಯಲ್ಲಿ ಬೆಚ್ಚಗಿದ್ದಾನೆ.

ಕಾರಿನಲ್ಲಿ ಹಿಲ್ಕಾ ರಸ್ತೆ ನೋಡುತ್ತಲೇ ಹೇಳಿದಳು. "ಸೋಮವಾರಾನೇ ಸಹಿ ಹಾಕ್ಬಿಟ್ಟೆ."

"ನನ್ನ ಕೇಳ್ದೇನೇ?"

"ಎಷ್ಟು ಭಾನುವಾರ ಕೇಳ್ಲಿ?"

ನಾನು ಅತ್ತೆನೆಂದು ಬರೆಯುವುದಿಲ್ಲ. ಗಾಜು ಇಳಿದೇ ಇತ್ತು, ಮುಖ ಒದ್ದೆಯಾಯಿತು.

ಕಾಯಂ ನೌಕರರಿಗೆ ಆಶ್ರಮದವರು ಮನೆ ಕೊಡುತ್ತಾರೆ. ಎರಡು ಕೋಣೆ, ಒಂದು ಅಡುಗೆಮನೆ. ಬಾಗಿಲ ಹಿಂದೆ ಕೋಟು ತೂಗುಹಾಕಲು ಎರಡು ಕೊಕ್ಕೆ. ಒಂದರಲ್ಲಿ ಅವಳ ಕೋಟಿತ್ತು.

"ಒಬ್ಬರಿಗೆ ಒಂದೇ ಕೋಣೆ ಕೊಡೋದು. ಇಬ್ರು ಅಂತ ಬರೆಸ್ದೆ" ಎಂದಳು ಒಲೆಯ ಕಡೆ ತಿರುಗಿ. "ಸುಳ್ಳಾದ್ರೆ ಇನ್ನೊಂದು ಕೋಣೆ ವಾಪಸ್ ಕೇಳ್ತಾರೆ."

ನನ್ನ ಕೊಕ್ಕೆ ಬಹಳ ಕೆಳಗಿದೆ. ಕೋಟು ನೆಲಕ್ಕೆ ತಾಗುತ್ತದೆ.

ಸಂಜೆ ಆರೂವರೆಗೆ ನಮ್ಮ ನಿಯೋಗ ಊರು ತಲುಪಿತು, ಮೀನಿನ ಲಾರಿಯ ಹಿಂಬದಿಯಲ್ಲಿ. ಮಕ್ಕಳೆಲ್ಲ ಬನ್ನು ತಿಂದು ಮನೆಗೆ ಹೋಗಿಯಾಗಿತ್ತು. ಚೌಕದಲ್ಲಿ ಓಡ್‌ವಾರ್ ಒಬ್ಬನೇ ನಿಂತಿದ್ದ. ರಿಟ್ವಾ ಉಡುಗೊರೆಗೆ ಕೈ ಚಾಚಿದರು. ಬಕೆಟ್ಟು ಕೊಟ್ಟೆ. ಓಡ್‌ವಾರ್ ಒಳಗೆ ಇಣುಕಿ ನೋಡಿ, ಬಹಳ ಗಂಭೀರವಾಗಿ ಒಂದು ಬಾಚಣಿಗೆ ಹೊರತೆಗೆದ.

ಮೇ 1, ಗುರುವಾರ

ಮೇ ದಿನದ ಹಬ್ಬದಂದೇ ಸುದ್ದಿ. ವಿಮಾನದ ಕಂಪನಿ ಈ ಮಾರ್ಗವನ್ನು ಸದ್ಯಕ್ಕೆ ನಿಲ್ಲಿಸಿದೆ. ಮುಂದಿನ ಬುಧವಾರಕ್ಕೆ ಕಾದಿರಿಸಿದ ನಮ್ಮ ನಿಯೋಗದ ಸೀಟುಗಳನ್ನು ಬಿಟ್ಟರೆ ಮರಳುವ ವಿಮಾನಗಳಿಗೆ ಒಂದೂ ಟಿಕೆಟ್ ಹೋಗಿಲ್ಲವಂತೆ. ಓಡ್‌ವಾರ್ ಹೇಳಿದ್ದೂ ಇದನ್ನೇ, ಆದರೆ ಅವನ ಮಾತನ್ನು ಯಾರು ಕೇಳುತ್ತಾರೆ?

ನಿಯೋಗ ನಾಳೆ ಬಸ್ಸಿನಲ್ಲಿ ಹೊರಡುತ್ತದೆ. ಒಂಬತ್ತು ಗಂಟೆ.

ಮೇ 2, ಶುಕ್ರವಾರ

ಬಸ್ ನಿಲ್ದಾಣದವರೆಗೆ ಹೋದೆ. ರಿಟ್ವಾ ಬೊಬ್ಬೆ ಬಂದ ಕಾಲನ್ನು ಸೀಟಿನ ಮೇಲೆ ಚಾಚಿ ಕುಳಿತಿದ್ದರು. "ಹತ್ತಿ ತೌನೋ."

ಸೊಂಟ ಹಿಡಿದಿದೆ, ಒಂಬತ್ತು ಗಂಟೆ ಕೂರಲಾಗದು ಎಂದೆ. ಅವರು ನನ್ನ ಕಾಲಿನ ಒಣ ಬೂಟುಗಳನ್ನು ನೋಡಿದರು. ಉಳಿದಿರುವ ರಜೆಯನ್ನು ತೆಗೆದುಕೊಳ್ಳುತ್ತೇನೆ ಎಂದೂ ಸೇರಿಸಿದೆ. ಸೊಂಟ ಸರಿಹೋಗುವವರೆಗೆ, ಅಷ್ಟೇ.

ಮಧ್ಯಾಹ್ನ ಕೊಕ್ಕೆ ಕಿತ್ತು ಮೇಲಕ್ಕೆ ಹೊಡೆದೆ.

ಮೇ 17, ಶನಿವಾರ

ಡಾಕ್ಟರಮ್ಮ ಹೇಳಿದ್ದನ್ನು ಮರೆತು ಎರಡು ವಾರ ಏನೂ ಬರೆದಿಲ್ಲ. ಸಿಟ್ಟು ಬರಲು ಪುರುಸೊತ್ತಿರಲಿಲ್ಲ.

ಇಂದು ಇವರ ರಾಷ್ಟ್ರೀಯ ಹಬ್ಬ. ಬೆಳಿಗ್ಗೆ ಎಂಟಕ್ಕೇ ಹಿಲ್ಕಾ ನನಗೆ ಟೈ ಬಿಗಿದು, ತೊಂಬತ್ತರ ಆ ಕುಣಿಯುವ ಅಜ್ಜನ ಗಾಲಿಕುರ್ಚಿಯನ್ನು ಕೈಗೆ ಕೊಟ್ಟಳು. ಊರೆಲ್ಲ ಧ್ವಜ, ಊರೆಲ್ಲ ಐಸ್‌ಕ್ರೀಮು. ಅಜ್ಜ ದಾರಿಯುದ್ದಕ್ಕೂ, "ಇನ್ನೂ ಜೋರಾಗಿ ತಳ್ಳೋ ಫಿನ್ನಿ!" ಎಂದು ಬೈಯುತ್ತಿದ್ದ. ಓಡ್‌ವಾರ್ ಸಿಕ್ಕು, ನಮ್ಮ ಬಕೆಟ್ಟಿಗೆ ತಕ್ಕ ಸೌನಾ ಕಟ್ಟಲು ಊರಿನಲ್ಲಿ ಯಾರಿಗೂ ಬರುವುದಿಲ್ಲ, ಬಂದು ನೋಡುತ್ತೀರಾ ಎಂದ. ನೋಡೋಣ ಎಂದೆ. ಮನುಷ್ಯ ಅಂಥ ಕೆಟ್ಟವನೇನಲ್ಲ.

ಮೆರವಣಿಗೆಯ ನಡುವೆಯೇ ರಿಟ್ವಾರ ಫೋನ್. "ರಜಾ ಮುಗೀತು ತೌನೋ! ಯಾವಾಗ ಬರ್ತೀರಿ? ಏನು ಮಹಾ ದೂರ? ಕೂಗಿದ್ರೆ ಕೇಳೋಷ್ಟು ಹತ್ರ ಅಂತ ನೀವೇ ಬರ್ದಿದ್ರಲ್ಲ!"

ತುತ್ತೂರಿಗಳ ಗಲಾಟೆಯಲ್ಲಿ ಕೇಳಿಸುತ್ತಿಲ್ಲ ಎಂದು ಫೋನ್ ಇಟ್ಟೆ. ಜನಕ್ಕೆ ಸ್ವಲ್ಪವೂ ತಿಳಿವಳಿಕೆ ಇಲ್ಲ. ಇಲ್ಲಿಂದ ಕುಕ್ಕೋಲಂಪಿಗೆ ರಸ್ತೆಯಲ್ಲಿ ಐವತ್ತನಾಲ್ಕು ಮಿಲ್. ಅಷ್ಟು ದೂರ ಯಾರು ಹೋಗುತ್ತಾರೆ?